ಮೈಯಿಂದ ಹೊಮ್ಮುವ ವಿಕಿರಣವನ್ನು ಅಳೆಯುವುದು ಯಾವುದರಿಂದ?

ಪ್ರಶ್ನೆ: ನಮ್ಮೂರಿನ ಶಿಬಿರವೊಂದರಲ್ಲಿ ಹಿಡಿಕೆಯ ಮೇಲೆ ತಿರುಗುವ ತಾಮ್ರದ ಕಡ್ಡಿ ಹಿಡಿದು, ನನ್ನ ದೇಹದ ವಿಕಿರಣ ಒಂದೂವರೆ ಮೀಟರಿಗೆ ಇಳಿದಿದೆ, ‘ಶಕ್ತಿ ಪದಕ’ ಧರಿಸಿ ಎಂದರು. ದೇಹದಿಂದ ನಿಜಕ್ಕೂ ವಿಕಿರಣ ಹೊರಡುತ್ತದೆಯೇ? ವಿಕಿರಣ ಎಣಿಸುವ ಗೈಗರ್ ಕೌಂಟರ್ ತಂದು ಮನೆಯಲ್ಲೇ ಅಳೆಯಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಹೊರಡುತ್ತದೆ. ಅದರಲ್ಲಿ ಬಹುಪಾಲು ಶಾಖ, ಅಂದರೆ ಅವಕೆಂಪು ಕಿರಣ. ಅದು ಅತಿ ಹೆಚ್ಚು ಇರುವುದು ಸುಮಾರು 9.5 ಮೈಕ್ರೊಮೀಟರ್ ತರಂಗಾಂತರದಲ್ಲಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಅಳೆಯುವುದು ಇದನ್ನೇ. ಮಳೆಯಲ್ಲಿ ನೆನೆದು ಬಂದವರಿಗೆ ಹಿಡಿದರೆ ಕಡಿಮೆ ತೋರಿಸುತ್ತದೆ. ಹಣೆ ಒರೆಸಿಕೊಂಡು ಕಾಲು ಗಂಟೆ ಒಳಗೆ ಕುಳಿತ ಮೇಲೆ ನೋಡಬೇಕು. ಮೊಬೈಲ್ ಕ್ಯಾಮೆರಾದ ಸೆನ್ಸರಿಗೆ 1.1 ಮೈಕ್ರೊಮೀಟರಿನಾಚೆ ಏನೂ ಕಾಣುವುದಿಲ್ಲ. ಹಾಗಾಗಿ ಆ್ಯಪ್‌ಗಳು ತೋರಿಸುವ ಬಣ್ಣದ ಪ್ರಭೆ ತಂತ್ರಾಂಶವೇ ಬಳಿದದ್ದು.

ಎರಡನೆಯದು ಪೊಟ್ಯಾಸಿಯಂ-40, ಅಂದರೆ ಪೊಟ್ಯಾಸಿಯಂನಲ್ಲಿ ಸಹಜವಾಗಿಯೇ ಬೆರೆತಿರುವ, ವಿಕಿರಣ ಸೂಸುವ ರೂಪ. 70 ಕೆ.ಜಿ. ತೂಕದವರ ಮೈಯಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಿಂದ ಸುಮಾರು 4,400 ಬೆಕೆರೆಲ್, ಅಂದರೆ ಸೆಕೆಂಡಿಗೆ ಅಷ್ಟು ಪರಮಾಣುಗಳ ಕ್ಷಯ. ನಿಮ್ಮ ತೋಟದ ಲೆಕ್ಕಕ್ಕೇ ಬನ್ನಿ: ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಕೊಡುವ 230 ಗ್ರಾಂನಷ್ಟು ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) ಗೊಬ್ಬರದಲ್ಲಿ ಸುಮಾರು 3,600 ಬೆಕೆರೆಲ್ ಇದೆ. 50 ಕೆ.ಜಿ. ಚೀಲದಲ್ಲಿ ಸುಮಾರು ಏಳೂಮುಕ್ಕಾಲು ಲಕ್ಷ! ಎರಡಕ್ಕೂ ಹೆದರಬೇಕಿಲ್ಲ.

ಆದರೆ ಮೈಯೊಳಗಿನದ್ದು ಗೈಗರ್ ಕೌಂಟರಿಗೆ ಸಿಗುವುದಿಲ್ಲ. ಈ ಕ್ಷಯಗಳಲ್ಲಿ ನೂರಕ್ಕೆ 89ರಷ್ಟು ಬೀಟಾ ಕಣಗಳನ್ನು ಹೊರಡಿಸುತ್ತವೆ. ಅವು ಕೆಲವೇ ಮಿಲಿಮೀಟರ್ ಮಾಂಸದಲ್ಲಿ ನಿಂತುಬಿಡುತ್ತವೆ. ಉಳಿದವುಗಳ ಗಾಮಾ ಕಿರಣ ಹೊರಬರುತ್ತದೆ, ಆದರೆ ಕೌಂಟರಿನೊಳಗಿನ ಅಗ್ಗದ ಟ್ಯೂಬಿಗೆ ಬಡಿದ ನೂರು ಗಾಮಾಗಳಲ್ಲಿ ಒಂದರಷ್ಟು ಮಾತ್ರ ಎಣಿಕೆಗೆ ಬೀಳುತ್ತದೆ. ಎದೆಗೊತ್ತಿ ಹಿಡಿದರೆ ದೇಹವೇ ಹೊರಗಿನ ಕಿರಣಗಳಿಗೆ ಮರೆಯಾಗಿ ಎಣಿಕೆ ಇಳಿಯಲೂಬಹುದು. ಇದನ್ನು ನೆಟ್ಟಗೆ ಅಳೆಯಲು ದಪ್ಪ ಉಕ್ಕಿನ ಗೋಡೆಯ ಕೋಣೆಯೂ ಗಾಮಾ ಬಡಿದಾಗ ಮಿನುಗುವ ಸೋಡಿಯಂ ಅಯೊಡೈಡ್ ಹರಳೂ ಬೇಕು. ಮುಂಬೈನ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅಂಥ ವ್ಯವಸ್ಥೆ ಇದೆ.

ಕೌಂಟರ್ ಈಗಾಗಲೇ ಕೈಯಲ್ಲಿದ್ದರೆ ಗೊಬ್ಬರದಿಂದ ಕಲಿಯಿರಿ. ಮೊದಲು ಏನೂ ಇಡದೆ 10 ನಿಮಿಷ ಎಣಿಸಿ. ನಿಮಿಷಕ್ಕೆ 20ರಂತೆ 200 ಬಂದಿತೆನ್ನಿ. ನಂತರ ಉಪಕರಣ ಅಲುಗಿಸದೆ, ತೆಳು ಪ್ಲಾಸ್ಟಿಕ್ಕಿನಲ್ಲಿ ಹರಡಿದ ಎಂಒಪಿಯನ್ನು ಟ್ಯೂಬಿಗೆ ತಾಗಿಸಿಟ್ಟು ಮತ್ತೆ 10 ನಿಮಿಷ ಎಣಿಸಿ. 40ಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಂಬಬೇಡಿ, ಅದು ಎಣಿಕೆಯ ಸಹಜ ಏರಿಳಿತ. ಏನೂ ಏರದಿದ್ದರೆ ಕೌಂಟರಿನ ಪೆಟ್ಟಿಗೆಯ ದಪ್ಪ ಪ್ಲಾಸ್ಟಿಕ್ಕೇ ಬೀಟಾವನ್ನು ತಡೆಯುತ್ತಿರಬಹುದು. ಉಪಕರಣವನ್ನು ಜಂಬಿಟ್ಟಿಗೆ ಗೋಡೆಯಿಂದ ಗ್ರಾನೈಟ್ ನೆಲಕ್ಕೆ ಸರಿಸಿದರೂ ಹಿನ್ನೆಲೆ ಎಣಿಕೆ (ಏನೂ ಇಡದಾಗ ಬರುವುದು) ಬದಲಾಗುತ್ತದೆ.

ಇನ್ನು ತಾಮ್ರದ ಕಡ್ಡಿ. ಅದರಲ್ಲಿ ಸೆನ್ಸರೇ ಇಲ್ಲ. ಹಿಡಿದವರ ಮಣಿಕಟ್ಟು ಅವರಿಗೇ ಅರಿವಿಲ್ಲದಷ್ಟು ವಾಲಿದರೂ ಕಡ್ಡಿ ತಿರುಗುತ್ತದೆ. ಅವರು ಬೇಕೆಂದೇ ಮೋಸ ಮಾಡುತ್ತಿರಬೇಕಾಗಿಲ್ಲ. ಪರೀಕ್ಷೆ ಸುಲಭ: ಪರದೆಯ ಹಿಂದೆ ಒಬ್ಬರು ಕೂರಬೇಕೋ ಬೇಡವೋ ಎಂದು ಪ್ರತಿ ಸಲ ನಾಣ್ಯ ಚಿಮ್ಮಿ ನಿರ್ಧರಿಸಿ. ಕಡ್ಡಿ ಹಿಡಿದವರಿಗೂ ಪಕ್ಕದಲ್ಲಿ ಬರೆದುಕೊಳ್ಳುವವರಿಗೂ ಅದು ಗೊತ್ತಾಗಬಾರದು. ಹಲಗೆಯ ನೆಲ ಬೇಡ, ಕಿರುಗುಟ್ಟಿ ಗುಟ್ಟು ಬಿಟ್ಟುಕೊಡುತ್ತದೆ. 20 ಸಲದಲ್ಲಿ ಬರೀ ಊಹೆಗೇ 10ರಷ್ಟು ಸರಿಯಾಗುತ್ತವೆ. 16 ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಬಂದರೆ ಮುಂದಿನ ಮಾತು.

ಪದಕವನ್ನಂತೂ ಕೊರಳಿಗೆ ಹಾಕಬೇಡಿ. ‘5ಜಿ’ಯಿಂದ ಕಾಪಾಡುತ್ತವೆ ಎಂದು ಮಾರುತ್ತಿದ್ದ ಇಂಥ ಕೆಲವು ಪದಕ, ಬಳೆಗಳೇ ವಿಕಿರಣ ಸೂಸುತ್ತವೆ ಎಂದು ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು.

ಪ್ರಶ್ನೆ: ಕೈಗೆ ಲೋಹದ ಸರಳು ಕೊಟ್ಟು, ಒಂದೇ ನಿಮಿಷದಲ್ಲಿ ಲಿವರ್, ಕಿಡ್ನಿಯ ವರದಿ ಮುದ್ರಿಸುವ ಯಂತ್ರವನ್ನು ನಂಬಬಹುದೇ?
– ಓದುಗರು, ಸಾಗರ

ಉತ್ತರ: ಬೇಡ. ಸರಳಿಗೆ ಸಿಗುವುದು ಹೆಚ್ಚೆಂದರೆ ಅಂಗೈಯ ವಿದ್ಯುತ್ ರೋಧ. ಅದು ಬೆವರಿನೊಂದಿಗೆ ಬದಲಾಗುತ್ತದೆ. ಕೈಯ ಬದಲು ಸರಳಿಗೆ ಒದ್ದೆ ಬಟ್ಟೆ ಸುತ್ತಿ ನೋಡಿ. ಆಗಲೂ ‘ಕಿಡ್ನಿ’ಯ ಅಂಕಿ ಬಂದರೆ ಆ ವರದಿಯನ್ನು ಪಕ್ಕಕ್ಕಿಟ್ಟು, ಲ್ಯಾಬಿನಲ್ಲಿ ಕಿಡ್ನಿಗಾಗಿ ರಕ್ತದ ಕ್ರಿಯಾಟಿನಿನ್, ಲಿವರಿನ ಎಎಲ್‌ಟಿ ಪರೀಕ್ಷೆ ಮಾಡಿಸಿ. ಯಂತ್ರದ ಮಾತು ಕೇಳಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸಿದ್ದರೆ ಇಂದೇ ವೈದ್ಯರನ್ನು ಕಾಣಿ.