ಡಿಸ್ಚಾರ್ಜ್‌ಗೆ ಮುಂಚೆ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆಸಲೇಬೇಕಾ?

ತಮ್ಮ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ, ಜೊತೆಗೆ ನೀವಿದ್ದೀರಿ, ಬಿಟ್ಟ ಮೇಲೆ ಅವನು ಊರಿಗೆ ಹೋಗುತ್ತಾನೆ. ವಯಸ್ಸಾದವರನ್ನು ಓಡಾಡಿಸುವ ಬದಲು ಅವನನ್ನೇ ಇನ್ನೊಂದು ವಾರ ಇರಿಸಿಕೊಂಡರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನೂ ಅಮ್ಮನನ್ನು ಕರೆಸದೇ ಬಿಟ್ಟವನು.

ನನ್ನ ಅಣ್ಣನಿಗೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಸಿಯುವ ಕಾಯಿಲೆ. ಮೊದಲ ಸಲ ಮ್ಯಾನಿಯಾ, ಅಂದರೆ ಆ ವಿಪರೀತ ಉತ್ಸಾಹ, ಏರಿದಾಗ ನಿದ್ದೆಯೇ ಇಲ್ಲ, ಕೊಬ್ಬರಿ ಮಾರಿದ ದುಡ್ಡನ್ನು ಕಂಡಕಂಡವರಿಗೆ ಹಂಚಿದ. ವಾರ್ಡಿನಲ್ಲಿ ಅಟೆಂಡರ್, ಅಂದರೆ ರೋಗಿಯ ಜೊತೆಗಿರುವವನಾಗಿ ಉಳಿದದ್ದು ನಾನು. ಡಾಕ್ಟರು ರೌಂಡ್ಸಿಗೆ ಬಂದಾಗ ಪಕ್ಕದಲ್ಲಿ ನಾನೇ. ಸೋಷಿಯಲ್ ವರ್ಕರ್ ಮೇಡಂ ಒಂದು ದಿನ "ಮನೇಲಿ ಇವರನ್ನ ನೋಡ್ಕೊಳ್ಳೋರು ಯಾರು?" ಅಂದರು. ಅಮ್ಮ ಅಂದೆ. "ಹಾಗಾದ್ರೆ ಒಂದ್ಸಲ ಕರೆಸಿ." ಅಮ್ಮನಿಗೆ ಮಂಡಿನೋವು, ತಿಪಟೂರಿನಿಂದ ಬರೋದು ಕಷ್ಟ, ನಾನೇ ಎಲ್ಲ ಹೇಳ್ತೀನಿ ಅಂದುಬಿಟ್ಟೆ.

ಆ ಮಾತು ಎಷ್ಟು ದುಬಾರಿಯಾಯಿತು ಅಂತ ಬಿಡಿಸಿ ಹೇಳುತ್ತೇನೆ. ನಾನು ಅಮ್ಮನಿಗೆ ಹೇಳಲಿಲ್ಲ ಅಂತಲ್ಲ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಯೂ ಬಂದೆ. ಆದರೆ ಅಮ್ಮನ ಪ್ರಶ್ನೆಗಳೇ ಬೇರೆ. ಇವನು ಹತ್ತು ಗಂಟೆ ಆದರೂ ಏಳಲ್ಲ, ಇದು ಕಾಯಿಲೆಯಾ, ಮಾತ್ರೆಯಾ? ತೋಟಕ್ಕೆ ಒಬ್ಬನೇ ಕಳಿಸಬಹುದಾ? ದುಡ್ಡು ಕೇಳಿದರೆ ಕೊಡಬೇಕಾ? ಹುಷಾರಾದ ಮೇಲೂ ಮಾತ್ರೆ ಯಾಕೆ? ವಾರ್ಡಿನಲ್ಲಿ ಈ ಪ್ರಶ್ನೆಗಳು ನನ್ನ ತಲೆಗೇ ಬಂದಿರಲಿಲ್ಲ, ಮನೆಯಲ್ಲಿ ಇರುವವನು ನಾನಲ್ಲವಲ್ಲ. ಅಮ್ಮ ನನ್ನನ್ನೂ ಕೇಳಲಿಲ್ಲ. ಮಗ ಮಂಕಾಗಿದ್ದಾನೆ ಅಂತ ರಾತ್ರಿ ಮಾತ್ರೆ ಅರ್ಧ ಮಾಡಿದಳು. ಊರಹಬ್ಬದ ಹೊತ್ತಿಗೆ ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಕೂಡ ನಿಂತಿತ್ತು. ಹಬ್ಬದಲ್ಲಿ ಅಣ್ಣ ಲವಲವಿಕೆಯಿಂದ ಓಡಾಡಿದ, ಎಲ್ಲರಿಗೂ ಖುಷಿ! ಲಿಥಿಯಂ ಏಕಾಏಕಿ ನಿಲ್ಲಿಸಿದರೆ ಮ್ಯಾನಿಯಾ ಮರಳುವ ಅಪಾಯ ಜಾಸ್ತಿ ಅಂತ ಡಾಕ್ಟರು ನನಗೆ ಹೇಳಿದ್ದರು. ನಾನು ಬೆಂಗಳೂರಿನಲ್ಲಿದ್ದೆ. ಎರಡನೇ ಅಡ್ಮಿಷನ್‌ಗೆ ಅಣ್ಣ ಒಪ್ಪಲಿಲ್ಲ. ಹಿಡಿದು ಕಾರಿಗೆ ಹತ್ತಿಸಿದ್ದನ್ನು ಇಡೀ ಬೀದಿ ನಿಂತು ನೋಡಿತು. ಅದನ್ನು ಅವನು ಇನ್ನೂ ಮರೆತಿಲ್ಲ.

ಇನ್ನು "ಒಂದು ವಾರ ಜಾಸ್ತಿ ಇರಿಸಿಕೊಳ್ಳೋದು" ನಿಮ್ಮ ಕೈಲಿಲ್ಲ. ತಮ್ಮ ತಾನೇ ಒಪ್ಪಿ ಸೇರಿದ್ದರೆ, ಹೊರಡುತ್ತೇನೆ ಅಂದಾಗ ಬಿಡಬೇಕು. ಡಾಕ್ಟರಿಗೆ ಅನುಮಾನವಿದ್ದರೆ ಪರೀಕ್ಷಿಸಲು 24 ಗಂಟೆ ತಡೆದು ಇರಿಸಿಕೊಳ್ಳಬಹುದು, ಅಷ್ಟೇ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದೆ ಸೇರಿದವರಿಗೂ ಮೊದಲ ಮಿತಿ 30 ದಿನ. ಈ ನಿಯಮಗಳಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ 98ನೇ ಸೆಕ್ಷನ್ ನೋಡಿ: ಬಿಡುವ ಮುಂಚೆ ಡಾಕ್ಟರು ರೋಗಿಯ ಜೊತೆ, ಅವನ ಪ್ರತಿನಿಧಿಯ ಜೊತೆ, ಮುಂದೆ ಅವನು ಯಾರ ಜೊತೆ ಇರುತ್ತಾನೋ ಆ ಮನೆಯವರ ಜೊತೆ ಸಮಾಲೋಚಿಸಬೇಕು. ಅಟೆಂಡರ್ ಜೊತೆ ಅಂತಿಲ್ಲ. ಕೂತು ಕೇಳುವ ಹಕ್ಕು ನಿಮ್ಮ ಅಪ್ಪ ಅಮ್ಮನದು. ನಾವು ದೊಡ್ಡ ಮನಸ್ಸು ಮಾಡಿ ಅದನ್ನು ಕಿತ್ತುಕೊಳ್ಳುತ್ತೇವೆ.

ಎರಡನೇ ಸಲ ಅಮ್ಮ ಬಂದಳು, ಕ್ಯಾಬ್ ಮಾಡಿಸಿದೆ. ಅಣ್ಣನ ಎದುರಲ್ಲೇ ಎಲ್ಲ ಕೇಳಿದಳು. ಬೆಳಿಗ್ಗೆಯ ಮಂಪರಿಗೆ ಡಾಕ್ಟರು ಮಾತ್ರೆ ಬದಲಿಸಲೂ ಇಲ್ಲ, ಮಲಗುವಾಗ ಬೇಡ, ರಾತ್ರಿ ಎಂಟಕ್ಕೇ ಕೊಡಿ ಅಂದರು. ಅಷ್ಟೇ ಆಗಿತ್ತು! ಅಣ್ಣನೂ ಬಾಯಿಬಿಟ್ಟ: "ಮಾತ್ರೆ ನಾನೇ ತಗೋತೀನಿ, ನೀನು ನೋಡಿದ್ರೆ ಸಾಕು, ಎಲ್ಲರ ಮುಂದೆ ಕೇಳ್ಬೇಡ."

ನಿಮ್ಮ ಅಪ್ಪ ಅಮ್ಮನಿಗೆ ಬರಲು ಆಗಲೇ ಇಲ್ಲ ಅಂದರೆ ವಿಡಿಯೋ ಕಾಲ್ ಮಾಡಿಸಿ, ತಮ್ಮನನ್ನೂ ಕೂರಿಸಿಕೊಳ್ಳಿ. ಲಿಥಿಯಂ ಕೊಡುತ್ತಿದ್ದರೆ ಮೂರು ವಿಷಯ ಅವರ ಕಿವಿಗೇ ಬೀಳಲಿ. ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ. ಭೇದಿ, ವಾಂತಿ, ಜೋರು ಕೈನಡುಕ ಬಂದರೆ ಕಾಯದೆ ಡಾಕ್ಟರಿಗೆ ಫೋನ್. ಅಂಗಡಿಯ ನೋವಿನ ಮಾತ್ರೆ ಕೇಳದೆ ನುಂಗಬಾರದು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ನಂಬರನ್ನು ನಿಮ್ಮ ಫೋನಿಗಲ್ಲ, ಅಮ್ಮನ ಫೋನಿಗೆ ಹಾಕಿಕೊಡಿ.