ಲೋಕಾಯುಕ್ತ: ಕಾಯ್ದೆಯಲ್ಲಿರುವುದೆಷ್ಟು, ಆದೇಶದಲ್ಲಿರುವುದೆಷ್ಟು?

ಚಿತ್ರದುರ್ಗದ ಓದುಗರೊಬ್ಬರ ಪತ್ರದ ಸಾರ: "ಲೋಕಾಯುಕ್ತ ಕಾಯ್ದೆಗೆ ತಿದ್ದುಪಡಿ ಬೇಕೆಂದು ಬರೆದಿದ್ದೀರಿ. ಕಾಯ್ದೆ 1984ರಿಂದಲೂ ಇದೆಯಲ್ಲ? ಗಟ್ಟಿ ನ್ಯಾಯಮೂರ್ತಿಯೊಬ್ಬರು ಬಂದು ಕೂತರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ."

ಮಾನ್ಯರೇ,

ಗಟ್ಟಿಗರು ಬೇಕು, ನಿಜ. ಆ ಕುರ್ಚಿಯಲ್ಲಿ ಕೂತವರನ್ನು ಕಾಯ್ದೆಯೂ ಚೆನ್ನಾಗಿಯೇ ಕಾಯುತ್ತದೆ. ಅವಧಿ ಐದು ವರ್ಷ. ನಡುವೆ ತೆಗೆಯಬೇಕಾದರೆ ಎರಡೂ ಸದನಗಳಲ್ಲಿ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಇಳಿದ ಮೇಲೆ ರಾಜ್ಯ ಸರ್ಕಾರದಲ್ಲಿ ಲಾಭದ ಹುದ್ದೆ ಹಿಡಿಯುವಂತಿಲ್ಲ. ಆಸೆ ತೋರಿಸಿ ಬಗ್ಗಿಸುವುದು ಕಷ್ಟ. ನಮ್ಮ ಚಿಂತೆಯೆಲ್ಲ ಅವರ ಕೈಕೆಳಗಿನ ಪೊಲೀಸರದ್ದು.

ಲಂಚ ಪಡೆಯುವವರನ್ನು ಕೈಯಾರೆ ಹಿಡಿಯುವ ಒಂದು ಟ್ರ್ಯಾಪ್ ನೋಡಿ. ದೂರುದಾರ ತಂದ ನೋಟುಗಳ ನಂಬರ್ ಬರೆದುಕೊಂಡು, ಫಿನಾಫ್ತಲೀನ್ ಪುಡಿ ಸವರಿ, ಸಾಕ್ಷಿಗಳಾದ ಪಂಚರ ಮುಂದೆ ಮಹಜರು ಮಾಡುತ್ತಾರೆ. ಲಂಚದ ದುಡ್ಡು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಸೀಲ್ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುತ್ತಾರೆ. ಇಷ್ಟೂ ಮಾಡಿಸುವ ಇನ್‌ಸ್ಪೆಕ್ಟರ್ ಪೊಲೀಸ್ ಇಲಾಖೆಯಿಂದ ಎರವಲು ಬಂದವರು, ನಾಳೆ ಅಲ್ಲಿಗೇ ಮರಳುವವರು. ಚಾರ್ಜ್‌ಶೀಟ್‌ಗೆ ಮುಂಚೆ ಅವರ ವರ್ಗವಾದರೆ ಹೊಸಬರು ಕಡತವನ್ನು ಮೊದಲಿನಿಂದ ಓದಬೇಕು. ಅಷ್ಟರಲ್ಲಿ ದೂರುದಾರನಿಗೇ ಸಾಕಾಗಿ ಹೋಗಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್‌ಐಆರ್ ಹಾಕುವ ಅಧಿಕಾರ ಈ ಪೊಲೀಸರಿಗೆ ಬಂದದ್ದು ಲೋಕಾಯುಕ್ತ ಕಾಯ್ದೆಯಿಂದಲ್ಲ. ಅವರ ಕಚೇರಿಗಳನ್ನು 'ಪೊಲೀಸ್ ಠಾಣೆ' ಎಂದು ಸಾರಿದ ಸರ್ಕಾರಿ ಅಧಿಸೂಚನೆಗಳಿಂದ. ಅಧಿಸೂಚನೆ ಕೊಟ್ಟದ್ದನ್ನು ಇನ್ನೊಂದು ಅಧಿಸೂಚನೆ ಕಿತ್ತುಕೊಳ್ಳಬಹುದು. 2016ರ ಮಾರ್ಚ್‌ನಲ್ಲಿ ಆದದ್ದು ಅದೇ. 14ರಂದು ಬರಿಯ ಆದೇಶದಿಂದ ಸರ್ಕಾರದ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿತು, 19ರಂದು ಲೋಕಾಯುಕ್ತ ಪೊಲೀಸರ ಠಾಣಾಧಿಕಾರ ಹೋಯಿತು. ಕಾಯ್ದೆಯ ಒಂದಕ್ಷರವನ್ನೂ ತಿದ್ದಬೇಕಾಗಿ ಬರಲಿಲ್ಲ. ಆಗ ಲೋಕಾಯುಕ್ತರ ಕುರ್ಚಿಯೂ ಖಾಲಿಯಿತ್ತು: 2015ರ ಡಿಸೆಂಬರ್‌ನಲ್ಲಿ ತೆರವಾದದ್ದು ತುಂಬಿದ್ದು 2017ರ ಜನವರಿಯಲ್ಲಿ. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿ ರಚನೆಯ ಆದೇಶವನ್ನು ರದ್ದುಮಾಡಿ ಅಧಿಕಾರ ಮರಳಿಸಿತು. ನಡುವೆ ಕಳೆದುಹೋದ ಆರು ವರ್ಷ ನಮಗೆ ಇಂದಿಗೂ ನೋವಿನ ಸಂಗತಿ. ಯಾವ ಗಟ್ಟಿ ನ್ಯಾಯಮೂರ್ತಿ ಬಂದಿದ್ದರೂ ಆ ಆರು ವರ್ಷ ಎಫ್‌ಐಆರ್ ಹಾಕಬಲ್ಲ ಪೊಲೀಸರಿಲ್ಲದ ಲೋಕಾಯುಕ್ತರೇ ಆಗಿರುತ್ತಿದ್ದರು.

ಆದ್ದರಿಂದ ಪೊಲೀಸ್ ವಿಭಾಗವೂ ಅದರ ತನಿಖಾಧಿಕಾರವೂ ಮೂಲ ಕಾಯ್ದೆಯ ಒಂದು ಕಲಮಾಗಿ ಸೇರಬೇಕು. ತನಿಖಾಧಿಕಾರಿಗೆ ಕನಿಷ್ಠ ಮೂರು ವರ್ಷ. ಅದಕ್ಕೂ ಮೊದಲು ವರ್ಗ ಮಾಡಲು ಲೋಕಾಯುಕ್ತರ ಲಿಖಿತ ಒಪ್ಪಿಗೆ. ಕುರ್ಚಿ ತೆರವಾಗುವ ಮೂರು ತಿಂಗಳು ಮುಂಚೆಯೇ ನೇಮಕದ ಕೆಲಸ ಶುರುವಾಗಬೇಕು.

ನೇಮಕದಲ್ಲಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ವಿಧಾನ ಪರಿಷತ್ತಿನ ಸಭಾಪತಿ, ವಿಧಾನಸಭೆಯ ಸಭಾಧ್ಯಕ್ಷರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಜತೆ ಸಮಾಲೋಚನೆ ಈಗಲೂ ಇದೆ. 2012ರಲ್ಲಿ ಮುಖ್ಯ ನ್ಯಾಯಮೂರ್ತಿಯವರನ್ನು ಕೇಳದೆ ಮಾಡಿದ ಉಪಲೋಕಾಯುಕ್ತರ ನೇಮಕ ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಆದರೆ ಮುಖ್ಯ ನ್ಯಾಯಮೂರ್ತಿಯವರ ಮಾತೇ ಕೊನೆಯದಲ್ಲ, ಮುಖ್ಯಮಂತ್ರಿಯ ಸಲಹೆಯೇ ನಡೆಯುತ್ತದೆ ಎಂದೂ 2013ರ ಅದೇ ತೀರ್ಪು ಹೇಳಿತು. ಇದನ್ನು ಬದಲಿಸುವುದಿದ್ದರೆ ವಿಧಾನಮಂಡಲವೇ ಬದಲಿಸಬೇಕು.

ಹಾಗೆಂದು ತಿದ್ದುಪಡಿ ಎಂದೊಡನೆ ಹಿಗ್ಗಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆಯುಕ್ತರ ಅವಧಿ ಐದು ವರ್ಷವೆಂದು ಅಂಕಿಯಲ್ಲೇ ಇತ್ತು. 2019ರ ತಿದ್ದುಪಡಿ ಆ ಅಂಕಿಯನ್ನು ತೆಗೆದು, ಅವಧಿ ಮತ್ತು ಸಂಬಳವನ್ನು ಕೇಂದ್ರ ಸರ್ಕಾರದ ನಿಯಮಕ್ಕೆ ಬಿಟ್ಟಿತು. ಅಕ್ಟೋಬರ್‌ನಲ್ಲಿ ನಿಯಮ ಬಂದಾಗ ಐದು ಮೂರಾಗಿತ್ತು. ಮುಂದೆ ಲೋಕಾಯುಕ್ತ ತಿದ್ದುಪಡಿ ಮಸೂದೆ ಮಂಡನೆಯಾದಾಗ ಪ್ರತಿ ತರಿಸಿಕೊಂಡು, 'ನಿಯಮಿಸಬಹುದಾದಂಥ' (ಅಂದರೆ, ಮುಂದೆ ಸರ್ಕಾರವೇ ನಿಯಮ ಮಾಡಿ ತೀರ್ಮಾನಿಸಬಹುದಾದ) ಎಂಬ ಪದ ಎಲ್ಲೆಲ್ಲಿದೆ ಎಂದು ಗೆರೆ ಎಳೆದು ನೋಡಿ. ಅವಧಿ, ವರ್ಗಾವಣೆ, ಸಿಬ್ಬಂದಿ, ಹಣ ಈ ನಾಲ್ಕರ ಪಕ್ಕದಲ್ಲಿ ಅದು ಕಂಡರೆ ನಿಮ್ಮ ಶಾಸಕರಿಗೆ ಬರೆಯಿರಿ, ನಮಗೂ ಬರೆಯಿರಿ.

– ಸಂ.