ಗುಂಡಿ ಬಿಟ್ಟೊಡನೆ ಹೀಟರಿನ ಪೈಲಟ್ ಜ್ವಾಲೆ ಆರಿಹೋಗುವುದೇಕೆ?

ಕ್ಯಾಲಿಫೋರ್ನಿಯಾದ ಹಳೆಯ ಬಾಡಿಗೆ ಮನೆಯೊಂದರಲ್ಲಿ ಗೋಡೆಗೆ ಕೂರಿಸಿದ ಗ್ಯಾಸ್ ಹೀಟರಿನ ಪೈಲಟ್ ಜ್ವಾಲೆ (ದೊಡ್ಡ ಬರ್ನರನ್ನು ಹೊತ್ತಿಸಲು ಸದಾ ಉರಿಯುವ ಪುಟ್ಟ ಜ್ವಾಲೆ) ಹತ್ತಿಕೊಳ್ಳುತ್ತದೆ, ಆದರೆ ಒತ್ತಿ ಹಿಡಿದ ಗುಂಡಿಯನ್ನು ಬಿಟ್ಟೊಡನೆ ಆರಿಹೋಗುತ್ತದೆ ಎಂದು ಬರೆದಿದ್ದೀರಿ. ಅದೇ ರಾಜ್ಯದ ಸ್ಯಾನ್ ಹೋಸೆಯಲ್ಲಿ ನಾವು ಮನೆ ಹೂಡಿದ ಮೊದಲ ಚಳಿಗಾಲದಲ್ಲಿ ನನಗೂ ಇದೇ ತೊಂದರೆ ಎದುರಾಗಿತ್ತು.

ಮೊದಲು ವಾಸನೆ ನೋಡಿ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದಲೇ ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕು. ವಾಸನೆ ಇಲ್ಲದಿದ್ದರೂ, ಜ್ವಾಲೆ ಆರಿದ ಪ್ರತಿ ಸಲವೂ ಗುಂಡಿಯನ್ನು ಆಫ್‌ಗೆ ತಿರುಗಿಸಿ, ಕನಿಷ್ಠ 5 ನಿಮಿಷ ಬಿಟ್ಟು ಮತ್ತೆ ಹಚ್ಚಿ.

ಪೈಲಟ್ ಜ್ವಾಲೆಯಲ್ಲಿ ತುದಿ ಚಾಚಿಕೊಂಡಿರುವ ಪೆನ್ಸಿಲ್ ದಪ್ಪದ ಲೋಹದ ಕಡ್ಡಿಗೆ ಥರ್ಮೋಕಪಲ್ ಎನ್ನುತ್ತಾರೆ. ಎರಡು ಬೇರೆ ಬೇರೆ ಲೋಹಗಳು ಕೂಡುವ ಆ ತುದಿ ಕಾದಾಗ ಸುಮಾರು 30 ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಅಷ್ಟರಿಂದಲೇ ವಾಲ್ವಿನೊಳಗಿನ ಪುಟ್ಟ ವಿದ್ಯುತ್ಕಾಂತವೊಂದು ಗ್ಯಾಸಿನ ದಾರಿಯನ್ನು ತೆರೆದು ಹಿಡಿಯುತ್ತದೆ. ಗುಂಡಿ ಒತ್ತಿರುವಾಗ ಆ ದಾರಿಯನ್ನು ತೆರೆದಿಡುವುದು ನಿಮ್ಮ ಬೆರಳು, ಬಿಟ್ಟ ಮೇಲೆ ಆ ಕಾಂತ. ಒತ್ತಿರುವಾಗ ಜ್ವಾಲೆ ಉರಿಯುವುದರಿಂದ ನಿಮ್ಮ ಹೀಟರಿಗೆ ಗ್ಯಾಸ್ ಬರುತ್ತಿದೆ, ಕಿಡಿಯೂ ಸರಿಯಿದೆ. ದೋಷವಿರುವುದು ಜ್ವಾಲೆ, ಕಡ್ಡಿ, ಕಾಂತ ಈ ಮೂರರ ನಡುವೆ ಎಲ್ಲೋ.

ಬಹಳ ಜನ ಗುಂಡಿಯನ್ನು ಬೇಗ ಬಿಟ್ಟುಬಿಡುತ್ತಾರೆ. ಜ್ವಾಲೆ ಹತ್ತಿದ ಮೇಲೆ ಪೂರಾ ಒಂದು ನಿಮಿಷ ಒತ್ತಿ ಹಿಡಿದು, ನಿಧಾನವಾಗಿ ಬಿಟ್ಟು ನೋಡಿ. ಆಗಲೂ ಆರಿದರೆ ಜ್ವಾಲೆಯನ್ನೇ ಗಮನಿಸಬೇಕು, ಏಕೆಂದರೆ ನಾನು ತಪ್ಪಿದ್ದು ಇಲ್ಲಿಯೇ. ಯಾರೋ ಹೇಳಿದರೆಂದು ಹೊಸ ಥರ್ಮೋಕಪಲ್ ತಂದು ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಬಂದ ಮೆಕ್ಯಾನಿಕ್ ಮಂಡಿಯೂರಿ ಕುಳಿತು, ಟಾರ್ಚನ್ನೂ ಆರಿಸಿ, ಒಳಗೆ ನೋಡುವಂತೆ ನನಗೆ ಹೇಳಿದರು: ಎಣ್ಣೆ ತೀರುತ್ತಿರುವ ಹಣತೆಯ ಕುಡಿಯಂತೆ ಹಳದಿ ತುದಿಯ ಸಣ್ಣ ಜ್ವಾಲೆಯೊಂದು ಪಕ್ಕಕ್ಕೆ ಬಾಗಿತ್ತು, ಕಡ್ಡಿಯ ತುದಿಗೆ ಅದು ತಾಗುತ್ತಲೇ ಇರಲಿಲ್ಲ. ಬೇಸಿಗೆಯಿಡೀ ಆರಿಸಿಟ್ಟಿದ್ದ ಹೀಟರಿನ ಪೈಲಟ್ ರಂಧ್ರದಲ್ಲಿ ದೂಳು ಮತ್ತು ಜೇಡರ ಬಲೆಯ ಎಳೆ ಸೇರಿಕೊಂಡಿತ್ತು. ಅವರು ಆ ಭಾಗವನ್ನು ಬಿಚ್ಚಿ, ಒತ್ತಡದ ಗಾಳಿ ಊದಿ ಶುಚಿಮಾಡಿದರು. ಸೂಜಿ ಹಾಕಿ ಕೆದಕಿದರೆ ರಂಧ್ರ ಹಿಗ್ಗಿ ಕೆಟ್ಟೇಹೋಗುತ್ತದೆ ಎಂದು ಎಚ್ಚರಿಸಿದರು. ಜ್ವಾಲೆ ನೀಲಿಯಾಗಿ, ಅಲುಗಾಡದೆ, ಕಡ್ಡಿಯ ತುದಿಯ ಒಂದು ಸೆಂಟಿಮೀಟರಿನಷ್ಟನ್ನು ಸುತ್ತಿಕೊಂಡಿರಬೇಕು.

ಜ್ವಾಲೆ ಹಾಗೆಯೇ ಇದ್ದೂ ನಿಲ್ಲದಿದ್ದರೆ, ಗ್ಯಾಸ್ ಮುಚ್ಚಿ, ಎಲ್ಲವೂ ತಣ್ಣಗಾದ ಮೇಲೆ ಕಡ್ಡಿಯ ತುದಿಗೆ ಹಿಡಿದ ಮಸಿಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಥರ್ಮೋಕಪಲಿನ ಇನ್ನೊಂದು ತುದಿ ವಾಲ್ವಿಗೆ ಸೇರುವಲ್ಲಿನ ನಟ್ ಸಡಿಲವಾಗಿದ್ದರೆ ಬೆರಳಿನಿಂದ ಬಿಗಿಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಥರ್ಮೋಕಪಲ್ ಬದಲಿಸಬಹುದು, ಅದು ದುಬಾರಿಯಲ್ಲ. ಆದರೆ ವಿದ್ಯುತ್ ಸಂಪರ್ಕವೇ ಇಲ್ಲದೆ ಗೋಡೆಯ ಥರ್ಮೋಸ್ಟಾಟ್ (ಕೋಣೆಯ ಶಾಖ ನೋಡಿ ಹೀಟರನ್ನು ನಡೆಸುವ ಸಾಧನ) ಕೆಲಸಮಾಡುವ ಹಳೆಯ ಹೀಟರುಗಳಲ್ಲಿ ಇರುವುದು ಸಾಮಾನ್ಯವಾಗಿ 750 ಮಿಲಿವೋಲ್ಟಿನ ಥರ್ಮೋಪೈಲ್, ಅಂದರೆ ಹಲವು ಥರ್ಮೋಕಪಲ್‌ಗಳನ್ನು ಒಟ್ಟು ಜೋಡಿಸಿದ ಕಡ್ಡಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಗುಂಡಿಗೆ ಟೇಪ್ ಸುತ್ತಿ ಒತ್ತಿಯೇ ಇಡುವ ಉಪಾಯವನ್ನು ಯಾರು ಹೇಳಿದರೂ ದಯವಿಟ್ಟು ಮಾಡಬೇಡಿ; ಜ್ವಾಲೆ ಆರಿದ ಮೇಲೂ ಗ್ಯಾಸ್ ಮನೆಯೊಳಗೆ ಹರಿಯುತ್ತಲೇ ಇರುತ್ತದೆ. ಬೇರೆ ರಾಜ್ಯಗಳಲ್ಲಿ ಕಾಣುವ ಚಿಮಣಿಯಿಲ್ಲದ ಹೀಟರುಗಳಲ್ಲಂತೂ ಕೋಣೆಯ ಆಮ್ಲಜನಕ ಶೇ. 18ರ ಸುಮಾರಿಗೆ ಇಳಿದಾಗ ಪೈಲಟ್ ತಾನಾಗಿ ಆರುವಂತೆಯೇ ಮಾಡಿರುತ್ತಾರೆ; ಗುಂಡಿ ಒತ್ತಿಯೇ ಇಟ್ಟರೆ ಆ ರಕ್ಷಣೆಯೂ ಇಲ್ಲವಾಗುತ್ತದೆ. ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಆದ ಸಾವುಗಳ ಸುದ್ದಿಯನ್ನು ನಮ್ಮೂರುಗಳಿಂದ ಕೇಳಿದವರಿಗೆ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಅಲಾರಂ ಮನೆಯಲ್ಲಿ ಇದೆಯೇ, ಕೆಲಸಮಾಡುತ್ತಿದೆಯೇ ಎಂದು ಇವತ್ತೇ ಪರೀಕ್ಷಿಸಿ.

ನೀವು ಬಾಡಿಗೆದಾರರು, ಹೀಟರನ್ನು ಸುಸ್ಥಿತಿಯಲ್ಲಿಡುವ ಹೊಣೆ ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ ಎಂಬ ಕಾನೂನಿನ ವಿಧಿ 1941.1ರ ಪ್ರಕಾರ ಮನೆಯ ಮಾಲೀಕರದು. ಆದ್ದರಿಂದ ಬಿಚ್ಚುವ ಕೆಲಸಕ್ಕೆ ಕೈಹಾಕುವ ಮೊದಲು ಅವರಿಗೆ ಬರಹದಲ್ಲಿ ತಿಳಿಸಿ. ನಿಮ್ಮದು ಪಿಜಿ ಆ್ಯಂಡ್ ಇ ಎಂಬ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯ ಸಂಪರ್ಕವಾಗಿದ್ದರೆ, ಅವರ ಸಿಬ್ಬಂದಿ ಮನೆಗೇ ಬಂದು ಪೈಲಟ್ ಹಚ್ಚಿಕೊಡಲು ಹಣ ಕೇಳುವುದಿಲ್ಲ. ಜ್ವಾಲೆಯ ಬಣ್ಣ ಹೇಗಿದೆ, ಅದು ಕಡ್ಡಿಗೆ ತಾಗುತ್ತಿದೆಯೇ ಎಂದು ನೋಡಿ ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.